ಅನುಮಾನದ ಫೈಲ್ ಇಳಿದ ಮೇಲೆ

ಡೌನ್‌ಲೋಡ್ ಆದ ಫೈಲ್ ತಾನಾಗಿ ಏನನ್ನೂ ಮಾಡುವುದಿಲ್ಲ. ಡಿಸ್ಕಿನಲ್ಲಿ ಬಿದ್ದಿರುವವರೆಗೆ ಅದು ಬರೀ ಅಂಕಿಗಳ ಸಾಲು. ಯಾರಾದರೂ ಅದನ್ನು ತೆರೆದು, ಒಳಗಿನ ಆದೇಶಗಳನ್ನು ಪ್ರೊಸೆಸರ್ ಪಾಲಿಸತೊಡಗಿದಾಗ ವೈರಸ್ಸಿನ ಕೆಲಸ ಶುರುವಾಗುತ್ತದೆ. ಇದಕ್ಕೆ ಅಪವಾದಗಳಿವೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್, ವಿಂಡೋಸ್‌ನ ಒಂದು ದೋಷವನ್ನು ಬಳಸಿಕೊಂಡು, ಪೆನ್‌ಡ್ರೈವಿನ ಫೋಲ್ಡರ್ ತೆರೆದು ನೋಡಿದಷ್ಟಕ್ಕೇ ಒಳನುಗ್ಗುತ್ತಿತ್ತು. ಅಂಥವು ವಿರಳ. ಅನುಮಾನ ಬಂದಾಗ ಮೊದಲು ತಿಳಿಯಬೇಕಾದದ್ದು, ಫೈಲ್ ಇಳಿದದ್ದಷ್ಟೆಯೋ, ತೆರೆದದ್ದೂ ಆಯಿತೋ ಎಂಬುದು. ತೆರೆದಿಲ್ಲವಾದರೆ ಅದನ್ನು ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ, ಆಂಟಿವೈರಸ್‌ನಿಂದ ಒಮ್ಮೆ ಪೂರ್ತಿ ಸ್ಕ್ಯಾನ್ ಮಾಡಿದರೆ ಬಹುಪಾಲು ಕೆಲಸ ಮುಗಿಯಿತು. ಒಳಗೇನಿದೆ ನೋಡೋಣವೆಂದು ಕ್ಲಿಕ್ ಮಾಡಬಾರದು, ಅಷ್ಟೆ.

ತೆರೆದವರನ್ನು ದಡ್ಡರೆನ್ನುವುದು ಅನ್ಯಾಯ. 2000ನೇ ಇಸವಿಯ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟು ಒಂದೇ ದಿನದಲ್ಲಿ ಜಗತ್ತನ್ನು ಸುತ್ತಿದ 'ಐ ಲವ್ ಯೂ' ವೈರಸ್ ಇಮೇಲ್‌ಗೆ ಅಂಟಿಕೊಂಡ ಪ್ರೇಮಪತ್ರದ ವೇಷದಲ್ಲಿತ್ತು. ಫೈಲಿನ ಹೆಸರಿನ ಕೊನೆಯಲ್ಲಿ 'ಡಾಟ್ ಟಿಎಕ್ಸ್‌ಟಿ' ಎಂದಿತ್ತು, ಅದರ ಹಿಂದೆಯೇ 'ಡಾಟ್ ವಿಬಿಎಸ್' ಎಂದೂ ಇತ್ತು. ಪರಿಚಿತ ಬಗೆಯ ಫೈಲುಗಳ ಬಾಲವನ್ನು ವಿಂಡೋಸ್ ತಾನಾಗಿ ಮರೆಮಾಡುವುದರಿಂದ ಓದುವವರ ಕಣ್ಣಿಗೆ ಬಿದ್ದದ್ದು ಸಾದಾ ಬರಹದ ಫೈಲ್. ಓಡಿದ್ದು ಒಂದು ಪ್ರೋಗ್ರಾಂ. ಸಾಲದ್ದಕ್ಕೆ ಪತ್ರ ಬಂದದ್ದು ಪರಿಚಿತರ ವಿಳಾಸದಿಂದಲೇ. ಬಾಲ ಮರೆಮಾಡುವ ಈ ಅಭ್ಯಾಸ ವಿಂಡೋಸ್‌ನಲ್ಲಿ ಇಂದಿಗೂ ಇದೆ. ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆದುಹಾಕಿದರೆ ಅನೇಕ ಮೋಸಗಳು ಕಣ್ಣಿಗೇ ಕಾಣುತ್ತವೆ.

ಆ ವೈರಸ್ ಮೂರು ಕೆಲಸ ಮಾಡಿತು. ಔಟ್‌ಲುಕ್‌ನ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ತನ್ನ ಪ್ರತಿ ಕಳಿಸಿತು. ಚಿತ್ರಗಳ ಫೈಲುಗಳ ಮೇಲೆ ತನ್ನನ್ನೇ ಬರೆದು ಅವನ್ನು ಹಾಳುಗೆಡವಿತು. ಪಾಸ್‌ವರ್ಡ್ ಕದಿಯುವ ಇನ್ನೊಂದು ಪ್ರೋಗ್ರಾಮನ್ನು ಅಂತರ್ಜಾಲದಿಂದ ತರಿಸಿಕೊಳ್ಳಲು ನೋಡಿತು. ಹಾಡುಗಳ ಎಂಪಿ3 ಫೈಲುಗಳನ್ನು ಮಾತ್ರ ಅಳಿಸದೆ ಬಚ್ಚಿಟ್ಟಿತ್ತು. ಗಾಬರಿಯಲ್ಲಿ ಕೂಡಲೇ ಫಾರ್ಮ್ಯಾಟ್ ಮಾಡಿಸಿದರೆ ವೈರಸ್ ಉಳಿಸಿದ್ದ ಹಾಡುಗಳೂ ಹೋಗುತ್ತಿದ್ದವು. ಹರಡುವುದು, ಕೆಡಿಸುವುದು, ಕದಿಯುವುದು: ಇಂದಿನ ದುಷ್ಟ ತಂತ್ರಾಂಶಗಳ ಕೆಲಸವೂ ಮುಖ್ಯವಾಗಿ ಇವೇ, ಪರಿಹಾರದ ಕ್ರಮವನ್ನು ನಿರ್ಧರಿಸುವುದೂ ಇವೇ.

ಹರಡುವುದಕ್ಕೆ ಸಂಪರ್ಕ ಬೇಕು, ಕದ್ದದ್ದನ್ನು ಸಾಗಿಸುವುದಕ್ಕೂ ಬೇಕು. ಆದ್ದರಿಂದ ಫೈಲ್ ತೆರೆದದ್ದು ಗೊತ್ತಾದ ಕೂಡಲೇ ವೈಫೈ ಆರಿಸಬೇಕು, ನೆಟ್‌ವರ್ಕ್ ಕೇಬಲ್ ಕೀಳಬೇಕು, ಸಿಕ್ಕಿಸಿದ್ದ ಪೆನ್‌ಡ್ರೈವ್ ಮತ್ತು ಬ್ಯಾಕಪ್ ಡಿಸ್ಕುಗಳನ್ನು ತೆಗೆಯಬೇಕು. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಸಂಪರ್ಕ ತಪ್ಪಿದರೂ ಕೆಲಸ ಮುಂದುವರಿಸಬಲ್ಲದು. ಕಣ್ಣೆದುರೇ ಫೈಲುಗಳ ಹೆಸರು ಒಂದೊಂದಾಗಿ ಬದಲಾಗುತ್ತಿದ್ದರೆ ಮನೆಯ ಕಂಪ್ಯೂಟರನ್ನು ಆರಿಸಿಬಿಡುವುದೇ ಲೇಸು. ಬೀಗ ಬೀಳದೆ ಉಳಿದಷ್ಟಾದರೂ ಉಳಿಯುತ್ತದೆ. ಕಚೇರಿಯ ಕಂಪ್ಯೂಟರಾದರೆ ಸಂಪರ್ಕ ಕಡಿದು, ಅದರ ಉಸ್ತುವಾರಿಯವರಿಗೆ ತಡಮಾಡದೆ ಹೇಳಬೇಕು. ದಾಳಿಯ ಜಾಡು ಎಷ್ಟೋ ವೇಳೆ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಆರಿಸಿದರೆ ಅಳಿಸಿಹೋಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟ ಒಂದು ಗಂಟೆ ಇಡೀ ಕಚೇರಿಗೆ ದುಬಾರಿಯಾಗಬಹುದು.

ಆಮೇಲೆ ಸ್ಕ್ಯಾನ್. ಆಂಟಿವೈರಸ್ ಎರಡು ದಾರಿಯಲ್ಲಿ ಹುಡುಕುತ್ತದೆ: ಹಿಂದೆ ಸಿಕ್ಕಿಬಿದ್ದ ವೈರಸ್‌ಗಳ ಗುರುತುಗಳೊಂದಿಗೆ ಫೈಲನ್ನು ಹೋಲಿಸುವುದು ಒಂದು, ಪ್ರೋಗ್ರಾಂಗಳ ನಡವಳಿಕೆಯನ್ನು ಗಮನಿಸುವುದು ಇನ್ನೊಂದು. ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಗುರುತಿಸುವ ಪ್ರೋಗ್ರಾಂ ಗಣಿತದ ದೃಷ್ಟಿಯಿಂದಲೇ ಅಸಾಧ್ಯವೆಂದು ಅಮೆರಿಕದ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ತೋರಿಸಿದರು. ಹಾಗಾಗಿ 'ಏನೂ ಸಿಗಲಿಲ್ಲ' ಎಂಬ ಉತ್ತರ ಸಮಾಧಾನ ಕೊಡಬಹುದು, ಖಾತ್ರಿ ಕೊಡಲಾರದು. ಕೆಲವು ವೈರಸ್‌ಗಳು ಆಪರೇಟಿಂಗ್ ಸಿಸ್ಟಮ್ಮಿನ ಆಳದಲ್ಲಿ ಕುಳಿತು ಸ್ಕ್ಯಾನರಿಗೇ ಸುಳ್ಳು ಉತ್ತರ ಕೊಡುತ್ತವೆ. ಇದಕ್ಕಾಗಿಯೇ ವಿಂಡೋಸ್ 10 ಮತ್ತು 11ರ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಎಂಬ ಸೌಲಭ್ಯವಿದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಅದು ಹುಡುಕುತ್ತದೆ. ಆ ಹೊತ್ತಿನಲ್ಲಿ ವೈರಸ್ ಕೂಡ ಎದ್ದಿರುವುದಿಲ್ಲ. ಇನ್ನೊಂದು ಕಂಪ್ಯೂಟರಿನಿಂದ ಆ ಡೌನ್‌ಲೋಡ್ ಕೊಂಡಿಯನ್ನು ವೈರಸ್‌ಟೋಟಲ್ ಎಂಬ ಜಾಲತಾಣಕ್ಕೆ ಕೊಟ್ಟರೆ ಹತ್ತಾರು ಭದ್ರತಾ ಸಂಸ್ಥೆಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಅಲ್ಲಿಗೆ ಏರಿಸಿದ ಫೈಲುಗಳು ಆ ಸಂಸ್ಥೆಗಳೊಂದಿಗೆ ಹಂಚಿಕೆಯಾಗುತ್ತವೆ, ಆದ್ದರಿಂದ ಖಾಸಗಿ ದಾಖಲೆಗಳನ್ನು ಏರಿಸಬಾರದು.

ಜನ ಬಹಳ ಸಲ ಇಲ್ಲಿಗೇ ನಿಲ್ಲುತ್ತಾರೆ. ನಿಜವಾದ ನಷ್ಟ ಆಗುವುದು ಇದರ ನಂತರ. ವೈರಸ್ಸನ್ನು ತೆಗೆದುಹಾಕಿದರೂ ಅದು ಆಗಲೇ ಕದ್ದು ಕಳಿಸಿದ್ದು ಹಿಂದಿರುಗುವುದಿಲ್ಲ. ಇಂದಿನ ಕಳ್ಳ ತಂತ್ರಾಂಶಗಳು ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳ ಜೊತೆಗೆ ಕುಕಿಗಳನ್ನೂ ಹೊತ್ತೊಯ್ಯುತ್ತವೆ. ಲಾಗಿನ್ ಆಗಿದ್ದಾರೆ ಎಂಬುದಕ್ಕೆ ಗುರುತಾದ ಆ ಕುಕಿ ಕೈಸೇರಿದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಆದ್ದರಿಂದ ಪಾಸ್‌ವರ್ಡ್ ಬದಲಾಯಿಸಿದರೆ ಸಾಲದು, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಆಗುವ ಆಯ್ಕೆಯನ್ನೂ ಒತ್ತಬೇಕು. ಮೊದಲು ಇಮೇಲ್ ಖಾತೆ, ಏಕೆಂದರೆ ಉಳಿದ ಖಾತೆಗಳ ಹೊಸ ಪಾಸ್‌ವರ್ಡ್ ಕೊಂಡಿಗಳು ಬರುವುದು ಅಲ್ಲಿಗೇ. ಅದಾದ ಮೇಲೆ ಬ್ಯಾಂಕ್. ಇದೆಲ್ಲ ಸೋಂಕಿಲ್ಲದ ಬೇರೆ ಸಾಧನದಲ್ಲಿ ಆಗಬೇಕು. ಸೋಂಕಿನ ಕಂಪ್ಯೂಟರಿನಲ್ಲೇ ಮಾಡಿದರೆ ಹೊಸ ಪಾಸ್‌ವರ್ಡನ್ನೂ ಕಳ್ಳನ ಕೈಗೆ ಕೊಟ್ಟಂತೆ. ದಾಳಿಕೋರರು ದೂರದಿಂದ ಕಂಪ್ಯೂಟರನ್ನು ಆಳಿರುವ ಲಕ್ಷಣವಿದ್ದರೆ ಫಾರ್ಮ್ಯಾಟ್ ಮಾಡಿ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕುವುದೊಂದೇ ನೆಚ್ಚಬಹುದಾದ ದಾರಿ. ಬ್ಯಾಕಪ್‌ನಿಂದ ದಾಖಲೆ, ಚಿತ್ರಗಳನ್ನು ಸ್ಕ್ಯಾನ್ ಮಾಡಿ ತರಬಹುದು, ಪ್ರೋಗ್ರಾಂಗಳನ್ನು ತರಬಾರದು.

ಪ್ರೋಗ್ರಾಮನ್ನು ಪತ್ರವೆಂದು ನಂಬಿಸುವ ಮೋಸ ಭಾರತದಲ್ಲಿ ಈಗ ಹೆಚ್ಚಾಗಿ ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲಿನ ರೂಪದಲ್ಲಿದೆ: ಮದುವೆ ಆಮಂತ್ರಣ, ಸಂಚಾರ ದಂಡದ ಚಲನ್, ಬ್ಯಾಂಕಿನ ಕೆವೈಸಿ. ಎಪಿಕೆ ಎಂದರೆ ಪತ್ರವಲ್ಲ, ಪೂರ್ತಿ ಆ್ಯಪ್. ಅದನ್ನು ಹಾಕಿಕೊಂಡು ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ಒಟಿಪಿಗಳು ನೇರ ಕಳ್ಳನಿಗೆ ಹೋಗುತ್ತವೆ. ಆಗ ಫೋನಿನ ಡೇಟಾ ಆರಿಸಿ, ಸಿಮ್ ತೆಗೆದು, ಫೋನನ್ನು ಸೇಫ್ ಮೋಡ್‌ನಲ್ಲಿ ಏಳಿಸಿ ಆ ಆ್ಯಪ್ ತೆಗೆಯಬೇಕು. ಅದು ಡಿವೈಸ್ ಅಡ್ಮಿನ್ ಅಧಿಕಾರ ಪಡೆದಿದ್ದರೆ ಮೊದಲು ಆ ಅಧಿಕಾರವನ್ನು ಹಿಂಪಡೆಯಬೇಕು, ಇಲ್ಲವಾದರೆ ಆ್ಯಪ್ ಹೋಗುವುದಿಲ್ಲ. ಹಣ ಹೋಗಿದ್ದರೆ ಬ್ಯಾಂಕಿಗೂ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ಬೇರೆ ಫೋನಿನಿಂದ ತಕ್ಷಣ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯಲು ಸಿಗುವ ಅವಕಾಶ ಬಹಳ ಚಿಕ್ಕದು.

ರ‍್ಯಾನ್ಸಮ್‌ವೇರ್ ಬೀಗ ಹಾಕಿದ ಫೈಲುಗಳನ್ನು ಎಸೆಯಬಾರದು. ನೆದರ್ಲೆಂಡ್ಸ್ ಪೊಲೀಸರು, ಯುರೋಪೋಲ್ ಮತ್ತು ಭದ್ರತಾ ಸಂಸ್ಥೆಗಳು ಸೇರಿ 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ಯೋಜನೆ ಅನೇಕ ಬಗೆಯ ಬೀಗಗಳಿಗೆ ಕೀಲಿಗಳನ್ನು ಉಚಿತವಾಗಿ ಕೊಡುತ್ತದೆ. ಇಂದು ಕೀಲಿಯಿಲ್ಲದ ಬೀಗಕ್ಕೂ, ದಾಳಿಕೋರರ ಸರ್ವರ್‌ಗಳು ಪೊಲೀಸರ ವಶವಾದಾಗ, ಕೀಲಿ ಸಿಕ್ಕ ಉದಾಹರಣೆಗಳಿವೆ.