ಲಿಸ್ಬನ್‌ಗೆ ಕೊಟ್ಟ ಮಾತು

ಭಯೋತ್ಪಾದನೆ ಎಂದರೇನು ಎಂಬುದಕ್ಕೆ ಎಲ್ಲ ದೇಶಗಳೂ ಒಪ್ಪಿದ ಒಂದೇ ವ್ಯಾಖ್ಯೆ ಇವತ್ತಿಗೂ ಇಲ್ಲ. ಸಮಗ್ರ ಒಪ್ಪಂದವೊಂದು ಬೇಕೆಂದು ಭಾರತ 1996ರಲ್ಲೇ ವಿಶ್ವಸಂಸ್ಥೆಯ ಮುಂದೆ ಕರಡು ಇಟ್ಟಿತು. ಅದು ಇನ್ನೂ ಚರ್ಚೆಯಲ್ಲೇ ಇದೆ. ಹಾಗಂತ ಯಾರೂ ಕೈಕಟ್ಟಿ ಕೂತಿಲ್ಲ. ವಿಮಾನ ಅಪಹರಣ, ಒತ್ತೆಸೆರೆ, ಬಾಂಬ್ ಸ್ಫೋಟ, ಹಣ ಪೂರೈಕೆ ಎಂದು ಒಂದೊಂದು ಕೃತ್ಯವನ್ನೇ ಹಿಡಿದು 1963ರಿಂದೀಚೆಗೆ 19 ಒಪ್ಪಂದ, ಪೂರಕ ಒಪ್ಪಂದಗಳಾಗಿವೆ. 2001ರ ಸೆಪ್ಟೆಂಬರ್ 28ರಂದು ಭದ್ರತಾ ಮಂಡಳಿ ಅಂಗೀಕರಿಸಿದ 1373ನೇ ನಿರ್ಣಯವು ಉಗ್ರರ ಹಣ ತಡೆಯುವುದನ್ನೂ ತನಿಖೆಗೆ ಪರಸ್ಪರ ನೆರವಾಗುವುದನ್ನೂ ಎಲ್ಲ ದೇಶಗಳಿಗೆ ಕಡ್ಡಾಯ ಮಾಡಿತು. ವಿಯೆನ್ನಾದಲ್ಲಿರುವ ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ ಕಾನೂನಿನ ಕರಡು ತಿದ್ದಿಕೊಡುತ್ತದೆ, ಸರ್ಕಾರಿ ಅಭಿಯೋಜಕರಿಗೆ ತರಬೇತಿ ಕೊಡುತ್ತದೆ. ಬೇರೆ ದೇಶದ ನೆರವು ಕೋರುವ ಪತ್ರ ಬರೆಯಲೆಂದೇ ಅದು ಒಂದು ತಂತ್ರಾಂಶ ಮಾಡಿದೆ. ಬಾಂಬಿಗೆ ಎದುರಾಗಿ ತಂತ್ರಾಂಶವೇ ಎಂದು ನಗಬೇಡಿ. ಕೈಗೆ ಸಿಕ್ಕ ಆರೋಪಿ ಕಾಗದಪತ್ರದ ಲೋಪದಿಂದಲೇ ಜಾರಿಕೊಳ್ಳುವುದುಂಟು.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: 'ಇಂಟರ್‌ಪೋಲ್ ಇದೆಯಲ್ಲ, ಹೋಗಿ ಹಿಡಿದು ತರಬಾರದೇ?' ಸಿನಿಮಾಗಳು ಕಲಿಸಿದ ಪಾಠವಿದು. ಫ್ರಾನ್ಸ್‌ನ ಲಿಯೋನ್‌ನಲ್ಲಿ ಕೇಂದ್ರ ಕಚೇರಿ ಇರುವ ಇಂಟರ್‌ಪೋಲ್ 196 ದೇಶಗಳ ಪೊಲೀಸರ ನಡುವೆ ಮಾಹಿತಿ ಹರಿಸುವ ಸಂಸ್ಥೆ. ಯಾರನ್ನೂ ಬಂಧಿಸುವ ಅಧಿಕಾರ ಅದಕ್ಕಿಲ್ಲ. ರೆಡ್ ಕಾರ್ನರ್ ನೋಟಿಸ್ ಎಂಬುದು ಬಂಧನದ ವಾರಂಟ್ ಅಲ್ಲ, 'ಈತ ಕಂಡರೆ ಹಿಡಿದಿಡಿ' ಎಂಬ ಕೋರಿಕೆ. ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಆಯಾ ದೇಶದ ಕಾನೂನೇ ತೀರ್ಮಾನಿಸುತ್ತದೆ. ಹಿಡಿದ ಮೇಲೆ ಶುರುವಾಗುತ್ತದೆ ನಿಜವಾದ ಕಥೆ. ಅದಕ್ಕೆ ಅಬು ಸಲೇಂ ಪ್ರಕರಣಕ್ಕಿಂತ ಒಳ್ಳೆಯ ಪಾಠ ನನಗಂತೂ ಗೊತ್ತಿಲ್ಲ.

1993ರ ಮಾರ್ಚ್ 12ರ ಮುಂಬೈ ಸರಣಿ ಸ್ಫೋಟದಲ್ಲಿ 257 ಜನ ಸತ್ತರು. ಆರೋಪಿ ಸಲೇಂ 2002ರ ಸೆಪ್ಟೆಂಬರಿನಲ್ಲಿ ಲಿಸ್ಬನ್‌ನಲ್ಲಿ ಸಿಕ್ಕಿಬಿದ್ದ. ಆಗ ಭಾರತಕ್ಕೂ ಪೋರ್ಚುಗಲ್‌ಗೂ ಹಸ್ತಾಂತರ ಒಪ್ಪಂದವೇ ಇರಲಿಲ್ಲ. ಕೈಹಿಡಿದದ್ದು ಬಾಂಬ್ ಸ್ಫೋಟಗಳ ವಿರುದ್ಧದ 1997ರ ಅಂತರರಾಷ್ಟ್ರೀಯ ಒಪ್ಪಂದ. ಎರಡು ದೇಶಗಳ ನಡುವೆ ಬೇರೆ ಕರಾರು ಇಲ್ಲದಿದ್ದರೆ ಇದನ್ನೇ ಆಧಾರವಾಗಿ ಬಳಸಬಹುದು ಎಂಬ ಕಲಮು ಅದರಲ್ಲಿದೆ. 'ನಾಳೆ ನೀವು ಕೇಳಿದರೆ ನಾವೂ ಒಪ್ಪಿಸುತ್ತೇವೆ' ಎಂಬ ಭರವಸೆಯನ್ನೂ ಭಾರತ ಜೊತೆಗಿಟ್ಟಿತು. ವಿಯೆನ್ನಾ, ನ್ಯೂಯಾರ್ಕ್‌ಗಳಲ್ಲಿ ಸಹಿ ಬೀಳುವ ನೀರಸ ದಸ್ತಾವೇಜುಗಳು ಯಾಕೆ ಬೇಕೆಂದು ಕೇಳುವವರಿಗೆ ನಾನು ಈ ಕಲಮನ್ನೇ ತೋರಿಸುವುದು.

ಆದರೆ ಪೋರ್ಚುಗಲ್‌ನಲ್ಲಿ ಮರಣದಂಡನೆಯೂ ಇಲ್ಲ, ಜೀವಾವಧಿಯೂ ಇಲ್ಲ. ಅಂಥ ಶಿಕ್ಷೆ ಕಾದಿರುವ ಕಡೆಗೆ ಸುಮ್ಮನೆ ಕಳಿಸಲು ಅಲ್ಲಿನ ಸಂವಿಧಾನ ಬಿಡುವುದಿಲ್ಲ. ಆಗಿನ ಉಪಪ್ರಧಾನಿ ಅಡ್ವಾಣಿಯವರು 2002ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರದ ಪರವಾಗಿ ಮಾತು ಕೊಟ್ಟರು: ಗಲ್ಲು ಇಲ್ಲ, 25 ವರ್ಷ ಮೀರಿದ ಸೆರೆಯೂ ಇಲ್ಲ. 2005ರ ನವೆಂಬರ್‌ನಲ್ಲಿ ಸಲೇಂ ಭಾರತಕ್ಕೆ ಬಂದ.

'ಉಗ್ರನಿಗೆ ಮಾತು ಕೊಟ್ಟರು' ಎಂದು ಇವತ್ತಿಗೂ ಬೈಯುವವರಿದ್ದಾರೆ. ಮಾತು ಕೊಟ್ಟದ್ದು ಅವನಿಗಲ್ಲ, ಪೋರ್ಚುಗಲ್‌ಗೆ. ಅದನ್ನು ಮುರಿದರೆ ನಷ್ಟ ನಮಗೇ. ಮುಂದೆ ನಮ್ಮ ಕೋರಿಕೆ ಹೋದಾಗ ಯಾವ ದೇಶದ ನ್ಯಾಯಾಧೀಶ ನಂಬುತ್ತಾನೆ?

ಇನ್ನೊಂದು ನಿಯಮ ಜನಸಾಮಾನ್ಯರಿಗಿರಲಿ, ಎಷ್ಟೋ ವಕೀಲರಿಗೂ ತೊಡಕು. ಯಾವ ಆರೋಪಗಳಿಗೆ ಒಪ್ಪಿ ಆರೋಪಿಯನ್ನು ಕೊಟ್ಟರೋ ಅಷ್ಟಕ್ಕೇ ವಿಚಾರಣೆ; ಕೈಗೆ ಸಿಕ್ಕಿದನೆಂದು ಹಳೆಯ ಲೆಕ್ಕವೆಲ್ಲ ಚುಕ್ತಾ ಮಾಡುವಂತಿಲ್ಲ. ಒಡವೆ ಎರವಲು ತಂದವರು ಹೇಳಿದ ಮದುವೆಗೆ ಮಾತ್ರ ಹಾಕಿಕೊಂಡು ಹೋಗಬೇಕಷ್ಟೆ. ನಮ್ಮಲ್ಲಿ ಸಲೇಂ ಮೇಲೆ ಹೆಚ್ಚುವರಿ ಆರೋಪಗಳು ಬಿದ್ದವು. ಅವು ಒಪ್ಪಿದ ಆರೋಪಗಳಿಗಿಂತ ಹಗುರವಾದವು, ಹಾಗಾಗಿ ತಪ್ಪಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಲಿಸ್ಬನ್ ಒಪ್ಪಲಿಲ್ಲ. ಶರತ್ತು ಮುರಿದಿದೆ ಎಂದು ಅಲ್ಲಿನ ಹೈಕೋರ್ಟ್ 2011ರಲ್ಲಿ ಹಸ್ತಾಂತರದ ಆದೇಶವನ್ನೇ ರದ್ದುಮಾಡಿತು. ಭಾರತದ ಮೇಲ್ಮನವಿಗಳೂ ಬಿದ್ದುಹೋದವು. ವಿದೇಶಿ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೂ 2013ರಲ್ಲಿ ಸಿಬಿಐ ಆ ಹೆಚ್ಚುವರಿ ಆರೋಪಗಳನ್ನು ಹಿಂಪಡೆಯಲು ಕೇಳಿತು, ಸುಪ್ರೀಂ ಕೋರ್ಟ್ ಒಪ್ಪಿತು.

ನನಗೆ ಅತ್ಯಂತ ಇಷ್ಟವಾದ ಭಾಗ ಇದರ ನಂತರದ್ದು. 2017ರಲ್ಲಿ ಮುಂಬೈ ಸ್ಫೋಟದ ಪ್ರಕರಣದಲ್ಲಿ ಟಾಡಾ (ಭಯೋತ್ಪಾದನಾ ತಡೆ ಕಾಯ್ದೆ) ನ್ಯಾಯಾಲಯ ಸಲೇಂಗೆ ಜೀವಾವಧಿ ವಿಧಿಸಿತು. ಹಾಗಾದರೆ 25 ವರ್ಷದ ಮಾತು? ಗಲ್ಲಿನ ವಿಷಯದಲ್ಲಿ ತೊಂದರೆಯಿಲ್ಲ: ಒಪ್ಪಿಸಿದ ದೇಶದಲ್ಲಿ ಮರಣದಂಡನೆ ಇಲ್ಲದಿದ್ದರೆ ಇಲ್ಲಿಯೂ ಜೀವಾವಧಿಯೇ ಎಂದು ನಮ್ಮ ಹಸ್ತಾಂತರ ಕಾಯ್ದೆಯ 34ಸಿ ಕಲಮು ಹೇಳುತ್ತದೆ. 25 ವರ್ಷದ ಮಿತಿಗೆ ಅಂಥ ಕಲಮಿಲ್ಲ. ಮಾತು ಕೊಟ್ಟದ್ದು ಸರ್ಕಾರ. ಶಿಕ್ಷೆ ಕೊಡುವುದು ನ್ಯಾಯಾಲಯ. ಮಂತ್ರಿಯ ಮಾತಿಗೆ ನ್ಯಾಯಾಧೀಶರು ಕಟ್ಟುಬೀಳಬೇಕೇ? ಇಲ್ಲ ಎಂದಿತು ಸುಪ್ರೀಂ ಕೋರ್ಟ್, 2022ರ ಜುಲೈ 11ರಂದು. ಆದರೆ ಸರ್ಕಾರ ಕಟ್ಟುಬಿದ್ದಿದೆ: 2005ರ ಅಕ್ಟೋಬರ್ 12ರಿಂದ ಎಣಿಸಿ 25 ವರ್ಷ ತುಂಬಿದಾಗ ಸಂವಿಧಾನದ 72ನೇ ವಿಧಿಯಡಿ ರಾಷ್ಟ್ರಪತಿಗೆ ಸಲಹೆ ನೀಡಿ ಮಾತು ಉಳಿಸಿಕೊಳ್ಳಬೇಕು. ತೀರ್ಪು ಸಡಿಲವಾಗಲಿಲ್ಲ, ಮಾತೂ ತಪ್ಪಲಿಲ್ಲ. ಎಷ್ಟು ಸೊಗಸಾದ ಬಿಡುಗಂಟು!

1962ರ ಹಸ್ತಾಂತರ ಕಾಯ್ದೆ ಚಿಕ್ಕದು, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಅದರ ಪಕ್ಕದಲ್ಲೇ 2022ರ ತೀರ್ಪನ್ನಿಟ್ಟುಕೊಂಡು ಓದಿ. ಕಾನೂನು ವಿದ್ಯಾರ್ಥಿಗಳಾದರೆ ಇದು ನನ್ನ ಒತ್ತಾಯ. ಆಮೇಲೆ ತಹಾವ್ವುರ್ ರಾಣಾ ಪ್ರಕರಣ ಹಿಡಿಯಿರಿ. 26/11ರ ಮುಂಬೈ ದಾಳಿಯ ಆರೋಪದಿಂದ 2011ರಲ್ಲಿ ಶಿಕಾಗೋದ ನ್ಯಾಯಾಲಯದಲ್ಲಿ ಖುಲಾಸೆಯಾದವನನ್ನು ಅದೇ ಅಮೆರಿಕ 2025ರ ಏಪ್ರಿಲ್‌ನಲ್ಲಿ ನಮಗೆ ಒಪ್ಪಿಸಿತು. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಸಲ್ಲದು ಎಂಬ ಅವನ ವಾದ ಅಲ್ಲಿ ಯಾಕೆ ಬಿದ್ದುಹೋಯಿತು ಎಂದು ಹುಡುಕಿ ನೋಡಿ. ಕೃತ್ಯ ಒಂದೇ ಇದ್ದರೂ ಅಪರಾಧ ಬೇರೆಯಾಗಬಹುದೇ ಎಂಬ ಪ್ರಶ್ನೆ ಅಲ್ಲಿ ನಿಮಗೆ ಎದುರಾಗುತ್ತದೆ.