ಹೊಗೆಗೊಳವೆಯಲ್ಲಿ ಉಳಿದ ಮರಳು

ಅಂಗಳದಲ್ಲಿ ಒಂದು ಮರಳಿನ ಕಣ ಬಿದ್ದಿದ್ದರೆ ಯಾರಿಗೂ ಬಾಧೆಯಿಲ್ಲ. ಅದೇ ಕಣ ಕೈಗಡಿಯಾರದೊಳಗೆ ಸೇರಿದರೆ ಗಡಿಯಾರವೇ ನಿಲ್ಲಬಹುದು. ವಸ್ತುವೊಂದು ಮಾಡುವ ಹಾನಿಯು ಅದರ ಗಾತ್ರಕ್ಕಿಂತ ಅದು ಇರುವ ಸ್ಥಳವನ್ನು ಹೆಚ್ಚಾಗಿ ಅವಲಂಬಿಸಿರುತ್ತದೆ. ಟರ್ಬೋಚಾರ್ಜರ್ ಉಳ್ಳ ಮೋಟಾರು ಕಾರಿನ ಹೊಗೆಗೊಳವೆ ಈ ಮಾತಿಗೆ ಒಳ್ಳೆಯ ನಿದರ್ಶನ. ಕೊಳವೆಯನ್ನು ಉತ್ತಮಪಡಿಸಲೆಂದು ಅದಕ್ಕೆ ಲೇಪ ಕೊಡಿಸಿದ ಮೇಲೆ, ಒಳಗೆ ಉಳಿದ ಚಿಟಿಕೆ ಮರಳು ಬಹು ಬೆಲೆಯ ಯಂತ್ರವನ್ನು ಅಲ್ಪಕಾಲದಲ್ಲಿಯೇ ಕೆಡಿಸಬಲ್ಲುದು. ಇದು ಹೇಗೆಂಬುದನ್ನು ನಾವೀಗ ವಿಚಾರಿಸೋಣ.

ಎಂಜಿನಿನಲ್ಲಿ ಉರಿದ ಪೆಟ್ರೋಲಿನ ಶಕ್ತಿಯೆಲ್ಲವೂ ಚಕ್ರಗಳಿಗೆ ದೊರೆಯುವುದಿಲ್ಲ. ಸುಮಾರು ಮೂರನೆಯ ಒಂದು ಪಾಲು ಬಿಸಿ ಹೊಗೆಯ ರೂಪದಲ್ಲಿ ಹೊರಗೆ ಹೋಗುತ್ತದೆ. ಈ ಪಾಲಿನಲ್ಲಿ ಸ್ವಲ್ಪವನ್ನಾದರೂ ಮರಳಿ ಪಡೆಯುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ ೧೯೦೫ರಲ್ಲಿ ಪೇಟೆಂಟ್ ಪಡೆದನು. ಹೊರಹೋಗುವ ಹೊಗೆಯು ಒಂದು ಟರ್ಬೈನು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುತ್ತದೆ. ಹೆಚ್ಚು ಗಾಳಿ ದೊರೆತರೆ ಹೆಚ್ಚು ಇಂಧನವನ್ನು ಉರಿಸಬಹುದು. ೧೯೬೨ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕಾರ್ವೇರ್ ಕಾರುಗಳಲ್ಲಿ ಈ ಸಾಧನವು ಸಾರ್ವಜನಿಕರ ಕೈಗೆ ಬಂದಿತು.

ಟರ್ಬೈನಿಗೆ ಬರುವ ಹೊಗೆಯು ಬಿಸಿಯಾಗಿದ್ದಷ್ಟೂ ಅದರಲ್ಲಿ ಶಕ್ತಿ ಹೆಚ್ಚು. ಪೂರ್ಣಶಕ್ತಿಯಿಂದ ನಡೆಯುವ ಪೆಟ್ರೋಲ್ ಎಂಜಿನಿನಲ್ಲಿ ಈ ಉಷ್ಣತೆ ೯೦೦ ಡಿಗ್ರಿ ಸೆಂಟಿಗ್ರೇಡನ್ನೂ ಮೀರಬಹುದು; ಅಲ್ಯುಮಿನಿಯಂ ಕರಗುವುದು ೬೬೦ ಡಿಗ್ರಿಯಲ್ಲಿಯೇ. ಸಿಲಿಂಡರುಗಳ ಹೊಗೆಯನ್ನು ಒಂದುಗೂಡಿಸಿ ಟರ್ಬೈನಿಗೆ ಒಯ್ಯುವ ಕವಲುಗೊಳವೆಗೆ ಮ್ಯಾನಿಫೋಲ್ಡ್ ಎಂದು ಹೆಸರು. ಇದರ ಗೋಡೆಯಿಂದ ಶಾಖವು ಸೋರಿಹೋದರೆ ಟರ್ಬೈನಿಗೆ ನಷ್ಟ. ಸುತ್ತಲಿನ ರಬ್ಬರು ಕೊಳವೆಗಳಿಗೂ ತಂತಿಗಳಿಗೂ ಕಷ್ಟ. ಆದುದರಿಂದಲೇ ಮ್ಯಾನಿಫೋಲ್ಡಿಗೆ ಶಾಖವನ್ನು ತಡೆಯುವ ಸಿರಾಮಿಕ್ ಲೇಪವನ್ನು ಕೊಡುವ ರೂಢಿ ಬಂದಿದೆ.

ಆದರೆ ನುಣುಪಾದ ಅಥವಾ ತುಕ್ಕು ಹಿಡಿದ ಲೋಹಕ್ಕೆ ಈ ಲೇಪವು ಅಂಟದು. ಸುಣ್ಣ ಬಳಿಯುವ ಮೊದಲು ಗೋಡೆಯನ್ನು ಕೆರೆಯುವಂತೆ, ಇಲ್ಲಿ ಲೋಹವನ್ನು ಶುಚಿಮಾಡಿ ತರಿತರಿಯಾಗಿಸಬೇಕು. ಅದಕ್ಕಾಗಿ ಒತ್ತಿದ ಗಾಳಿಯಿಂದ ಗಡಸು ಕಣಗಳನ್ನು ವೇಗವಾಗಿ ಎರಚುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಬಳಸುವ ಕಣ ಅಲ್ಯುಮಿನಿಯಂ ಆಕ್ಸೈಡ್. ಮಾಣಿಕ್ಯ, ನೀಲಮಣಿಗಳೂ ಮೂಲತಃ ಇದೇ ವಸ್ತು. ಮೋಸ್ ಎಂಬ ವಿಜ್ಞಾನಿಯ ಕಾಠಿಣ್ಯಮಾನದಲ್ಲಿ ವಜ್ರಕ್ಕೆ ೧೦ ಆದರೆ ಇದಕ್ಕೆ ೯. ಲೇಪವು ಗಟ್ಟಿಯಾಗಿ ನಿಲ್ಲುವಂತೆ ಮಾಡುವ ಈ ಕಾಠಿಣ್ಯವೇ ಮುಂದೆ ಟರ್ಬೈನಿಗೆ ಶತ್ರುವಾಗುತ್ತದೆ.

ಎರಚಿದ ಕಣಗಳು ಕೊಳವೆಯ ಬಾಗುಗಳಲ್ಲಿ, ಬೆಸುಗೆಯ ಒಳಸಂದುಗಳಲ್ಲಿ, ಸುಕ್ಕುಗಟ್ಟಿದ ಬೆಲ್ಲೋಸ್ ಮಡಿಕೆಗಳಲ್ಲಿ, ಹಳೆಯ ಮಸಿಯ ಪದರಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕೊಳವೆಯನ್ನು ಬೋರಲು ಹಾಕಿ ಕೊಡವಿದರೆ ಏನೂ ಉದುರದಿರಬಹುದು. ಆದರೆ ಎಂಜಿನು ನಡೆಯತೊಡಗಿದೊಡನೆ ಪರಿಸ್ಥಿತಿಯೇ ಬೇರೆ. ಅರ್ಧ ಮೀಟರ್ ಉದ್ದದ ಸ್ಟೇನ್‌ಲೆಸ್ ಉಕ್ಕಿನ ಕೊಳವೆಯ ಉಷ್ಣತೆಯು ೮೦೦ ಡಿಗ್ರಿಗಳಷ್ಟು ಏರಿದರೆ, ಅದು ಸುಮಾರು ೭ ಮಿಲಿಮೀಟರ್ ಬೆಳೆಯುತ್ತದೆ. ಸಂದುಗಳು ಸಡಿಲುತ್ತವೆ, ಮಸಿ ಬಿರಿಯುತ್ತದೆ, ಕಂಪನವು ಕಣಗಳನ್ನು ಕದಲಿಸುತ್ತದೆ, ಹೊಗೆಯ ರಭಸವು ಅವನ್ನು ಎತ್ತಿ ಒಯ್ಯುತ್ತದೆ. ಟರ್ಬೋಚಾರ್ಜರ್ ಇಲ್ಲದ ಕಾರಿನಲ್ಲಾದರೆ ಆ ದಾರಿಯಲ್ಲಿ ತಿರುಗುವ ಭಾಗವೇ ಇಲ್ಲ. ಇಲ್ಲಿಯಾದರೋ ಎದುರಿಗೆ ಟರ್ಬೈನು ಚಕ್ರವಿದೆ.

ಈ ಚಕ್ರದ ವೇಗವನ್ನು ಲೆಕ್ಕಮಾಡಿ ನೋಡೋಣ. ಚಕ್ರದ ವ್ಯಾಸ ೫ ಸೆಂಟಿಮೀಟರ್ ಎಂದೂ ಅದು ನಿಮಿಷಕ್ಕೆ ೧,೫೦,೦೦೦ ಸುತ್ತು ತಿರುಗುವುದೆಂದೂ ಇಟ್ಟುಕೊಳ್ಳೋಣ. ಸಣ್ಣ ಟರ್ಬೋಚಾರ್ಜರುಗಳಲ್ಲಿ ಇದು ಅಸಾಧಾರಣವಲ್ಲ. ಆಗ ಅಲಗಿನ ತುದಿಯ ವೇಗ ಸೆಕೆಂಡಿಗೆ ಸುಮಾರು ೩೯೦ ಮೀಟರ್. ನಮ್ಮ ಸುತ್ತಲಿನ ಗಾಳಿಯಲ್ಲಿ ಶಬ್ದದ ವೇಗವೇ ೩೪೦ ಮೀಟರ್. ಇದರ ಮುಂದೆ ಕಣವು ಬಹುಮಟ್ಟಿಗೆ ನಿಂತಂತೆಯೇ ಇರುತ್ತದೆ. ಕಣ ಬಂದು ಚಕ್ರವನ್ನು ಹೊಡೆಯುತ್ತದೆ ಎನ್ನುವುದಕ್ಕಿಂತ ಚಕ್ರವೇ ಕಣವನ್ನು ಹೊಡೆಯುತ್ತದೆ ಎನ್ನುವುದು ಸರಿ. ಅರ್ಧ ಮಿಲಿಮೀಟರಿನ ಕಣದ ತೂಕ ಒಂದು ಮಿಲಿಗ್ರಾಮಿನ ಕಾಲುಭಾಗದಷ್ಟು ಮಾತ್ರ. ಆದರೂ ಆ ಪೆಟ್ಟಿನ ಶಕ್ತಿಯು ೨ ಗ್ರಾಂ ತೂಕದ ಮೊಳೆಯು ೧ ಮೀಟರ್ ಎತ್ತರದಿಂದ ಮೊನೆ ಕೆಳಗಾಗಿ ಬಿದ್ದುದಕ್ಕೆ ಸಮ. ಐದು ಮಿಲಿಲೀಟರಿನ ಚಮಚೆಯಲ್ಲಿ ಇಂತಹ ಕಣಗಳು ಮೂವತ್ತು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ!

ಇಷ್ಟೇ ಅಲ್ಲ. ಈ ಟರ್ಬೈನಿನಲ್ಲಿ ಹೊಗೆಯು ಚಕ್ರದ ಅಂಚಿನಿಂದ ಒಳಹೊಕ್ಕು ನಡುವಿನಿಂದ ಹೊರಬೀಳುತ್ತದೆ. ಹಗುರವಾದ ಅನಿಲವು ಸುಲಭವಾಗಿ ಒಳಗೆ ತಿರುಗಿಕೊಳ್ಳುತ್ತದೆ. ಭಾರವಾದ ಕಣವು ಅಲಗಿನ ಪೆಟ್ಟು ತಿಂದು, ಕವಣೆಯಿಂದ ಬಿಟ್ಟ ಕಲ್ಲಿನಂತೆ ಮತ್ತೆ ಹೊರಸುತ್ತಿಗೆ ಸಿಡಿಯುತ್ತದೆ. ಹೊಗೆ ಅದನ್ನು ಪುನಃ ಒಳಗೆ ತಳ್ಳುತ್ತದೆ, ಅಲಗು ಪುನಃ ಹೊಡೆಯುತ್ತದೆ. ಹೀಗೆ ಒಂದೇ ಕಣವು ಪುಡಿಯಾಗಿ ಪಾರಾಗುವವರೆಗೂ ಅನೇಕ ಬಾರಿ ತುದಿಗಳನ್ನು ಸವೆಸುತ್ತದೆ.

ಅಲಗುಗಳು ಒಂದೇ ಸಮನಾಗಿ ಸವೆಯದಿದ್ದರೆ ಚಕ್ರದ ಸಮತೋಲ ತಪ್ಪುತ್ತದೆ. ಅಚ್ಚು ನಿಂತಿರುವುದು ಕೂದಲಿನ ದಪ್ಪಕ್ಕೆ ಸಮೀಪದ ಎಣ್ಣೆಯ ಪದರದ ಮೇಲೆ. ಸಮತೋಲವಿಲ್ಲದ ಚಕ್ರ ಅದುರಿದಾಗ ಆ ಪದರ ಒಡೆದು ಲೋಹಕ್ಕೆ ಲೋಹ ತಾಗುತ್ತದೆ. ಬೇರಿಂಗು ಸವೆಯುತ್ತದೆ, ಎಣ್ಣೆ ಸೋರುತ್ತದೆ, ಕೊನೆಗೆ ಅಚ್ಚೇ ಮುರಿಯಬಹುದು.

ಪರಿಹಾರವು ಕಷ್ಟವಲ್ಲ, ಸಹನೆ ಬೇಕು. ಹೊರಮೈಗೆ ಮಾತ್ರ ಲೇಪ ಕೊಡುವುದಾದರೆ ಮೊದಲೇ ಕೊಳವೆಯ ಬಾಯಿಗಳನ್ನೆಲ್ಲ ಭದ್ರವಾಗಿ ಮುಚ್ಚಬೇಕು. ಲೇಪದ ಅನಂತರ ಎರಡು ಕಡೆಯಿಂದಲೂ ಗಾಳಿ ಊದಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ನೀರಿನಿಂದ ತೊಳೆದು ಒಣಗಿಸಬೇಕು. ಬಳಿಕ ಕಾಯಿಸಿ ಆರಿಸಿ ಮತ್ತೊಮ್ಮೆ ತಟ್ಟುವುದು ಲೇಸು. ಎಂಜಿನಿನ ಶಾಖದಲ್ಲಿ ಸಡಿಲಬೇಕಾದ ಕಣ ಕೆಲಸದ ಮೇಜಿನ ಮೇಲೆಯೇ ಸಡಿಲಲಿ. ಅಯಸ್ಕಾಂತವನ್ನು ನಂಬುವಂತಿಲ್ಲ, ಅದು ಉಕ್ಕಿನ ಚೂರನ್ನು ಸೆಳೆದೀತೇ ಹೊರತು ಅಲ್ಯುಮಿನಿಯಂ ಆಕ್ಸೈಡನ್ನು ಸೆಳೆಯದು. ಬಿಳಿಯ ಕಾಗದದ ಮೇಲೆ ಕೊಡವಿದಾಗ ಒಂದು ಕಣವೂ ಬೀಳದಿರುವವರೆಗೆ ಈ ಕೆಲಸವನ್ನು ನಡೆಸಬೇಕು. ಬೆಲ್ಲೋಸಿನಂತಹ ಮಡಿಕೆಯ ಭಾಗಗಳಿಗೆ ಕಣಗಳನ್ನು ಎರಚದಿರುವುದೇ ಉತ್ತಮ.

ಶಸ್ತ್ರವೈದ್ಯರು ಗಾಯವನ್ನು ಹೊಲಿಯುವ ಮೊದಲು, ಒಳಗೆ ಬಳಸಿದ ಬಟ್ಟೆಯ ತುಂಡುಗಳನ್ನೆಲ್ಲ ಎಣಿಸುತ್ತಾರೆ. ಯಂತ್ರಶಿಲ್ಪಕ್ಕೂ ಇದೇ ನಿಯಮ: ಶುಚಿಮಾಡಲು ತಂದ ವಸ್ತುವೂ ಹೊರಬಿದ್ದ ಮೇಲೆಯೇ ಶುಚಿಕಾರ್ಯ ಮುಗಿಯಿತೆಂದು ತಿಳಿಯಬೇಕು.