ಗುಳ್ಳೆ ಬಿಡಿಸಲು ಗುಳ್ಳೆ

ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯ ಅಂಚಿಗೆ ಬಂದಿರುತ್ತದೆ. ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಮೇಲೇರಲಾಗದೆ ಹಿಟ್ಟಿನಲ್ಲೇ ಗುಳ್ಳೆಗಳಾಗಿ ಸಿಕ್ಕಿಕೊಂಡಿರುತ್ತದೆ. ಸೌಟು ಹಾಕಿ ತಿರುವಿದಿರೋ, ಹಿಟ್ಟು ಕೆಳಗಿಳಿಯುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ ಇಂಥದೇ ಸಂಗತಿ ಎಂಜಿನಿಯರುಗಳ ನಿದ್ದೆ ಕೆಡಿಸಿತು. ಅಲ್ಲಿ ಪಾತ್ರೆಯಲ್ಲಿದ್ದುದು ವಿಕಿರಣ ಸೂಸುವ ಕೆಸರು, ಸಿಕ್ಕಿಕೊಂಡದ್ದು ಹೈಡ್ರೋಜನ್.

1945ರಲ್ಲಿ ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ತಯಾರಾದದ್ದು ಹ್ಯಾನ್‌ಫರ್ಡ್‌ನಲ್ಲಿ. ದಶಕಗಳ ಕಾಲ ಮುಂದುವರಿದ ಆ ಕೆಲಸದ ತ್ಯಾಜ್ಯ, ಸುಮಾರು 21 ಕೋಟಿ ಲೀಟರ್, ನೆಲದಡಿಯ 177 ಟ್ಯಾಂಕುಗಳಲ್ಲಿ ಉಳಿಯಿತು. ವಿಕಿರಣದ ಹೊಡೆತಕ್ಕೆ ನೀರು ಒಡೆದು ಹೈಡ್ರೋಜನ್ ಹುಟ್ಟುತ್ತಲೇ ಇರುತ್ತದೆ. ಎಸ್‌ವೈ-101 ಎಂಬ ಟ್ಯಾಂಕಿನಲ್ಲಂತೂ ಅನಿಲ ತಿಂಗಳುಗಟ್ಟಲೆ ಒಳಗೇ ಕೂಡಿಕೊಂಡು, ಒಮ್ಮೆಲೇ ತೇಗಿನಂತೆ ಹೊರಬರುತ್ತಿತ್ತು. ಆ ಹೊತ್ತಿಗೆ ಕಿಡಿ ತಗುಲಿದರೆ? 1993ರಲ್ಲಿ ದೊಡ್ಡ ಪಂಪೊಂದನ್ನು ಇಳಿಸಿ ಕದಡತೊಡಗಿದ ಮೇಲೆ ಈ ತೇಗು ಹತೋಟಿಗೆ ಬಂತು.

ಹಾಗಾದರೆ ಎಲ್ಲ ಕಡೆಗೂ ಪಂಪ್ ಅಥವಾ ಕಡೆಗೋಲು ಹಾಕಿದರಾಯಿತಲ್ಲ? ಅಷ್ಟು ಸುಲಭವಲ್ಲ. ನೀರು, ಎಣ್ಣೆಗಳು ಸ್ವಲ್ಪ ತಳ್ಳಿದರೂ ಹರಿಯುತ್ತವೆ. ಹೆಚ್ಚು ತಳ್ಳಿದಷ್ಟೂ ಅದೇ ಪ್ರಮಾಣದಲ್ಲಿ ಬೇಗ ಹರಿಯುತ್ತವೆ. ಈ ಕಲ್ಪನೆ ನ್ಯೂಟನ್ 1687ರಲ್ಲಿ ಕೊಟ್ಟದ್ದು. ಟೂತ್‌ಪೇಸ್ಟ್, ದಪ್ಪ ಕೆಸರು ಮುಂತಾದ ನ್ಯೂಟನ್ನೇತರ ದ್ರವಗಳು ಅದಕ್ಕೆ ಬಗ್ಗುವುದಿಲ್ಲ. ಬಲ ಒಂದು ಮಿತಿ ದಾಟುವವರೆಗೆ ಅವು ಗಟ್ಟಿ ವಸ್ತುವಿನಂತೆ ಅಲುಗದೆ ನಿಲ್ಲುತ್ತವೆ. ಅಂಥದರಲ್ಲಿ ರೆಕ್ಕೆ ತಿರುಗಿಸಿದರೆ ರೆಕ್ಕೆಯ ಸುತ್ತಲ ಕೆಸರಷ್ಟೇ ಗಿರಗಿರ ಸುತ್ತುತ್ತದೆ, ಆಚೆಯದು ಕದಲುವುದೇ ಇಲ್ಲ. ಎಂಜಿನಿಯರುಗಳು ಇದನ್ನು 'ಗುಹೆ' ಎನ್ನುತ್ತಾರೆ. ಮೇಲಾಗಿ, ವಿಕಿರಣದ ಕೋಣೆಯಲ್ಲಿ ರೆಕ್ಕೆ ಮುರಿದರೆ ರಿಪೇರಿಗೆ ಒಳಗೆ ಹೋಗುವವರು ಯಾರು? ತ್ಯಾಜ್ಯವನ್ನು ಸಂಸ್ಕರಿಸಿ ಗಾಜಾಗಿಸಲು ಯೋಜಿಸಿದ ಹೊಸ ಕಾರ್ಖಾನೆಯ ಇಂಥ ಕೋಣೆಗಳು 40 ವರ್ಷ ಮನುಷ್ಯರ ಪ್ರವೇಶವಿಲ್ಲದೆ ನಡೆಯಬೇಕಿತ್ತು.

ಆಗ ನೆರವಿಗೆ ಬಂದದ್ದು ಬರಿಯ ಗಾಳಿ. ತಳದವರೆಗೆ ಕೊಳವೆ ಇಳಿಸಿ ಗಾಳಿ ಊದಿದರೆ ದೊಡ್ಡ ಗುಳ್ಳೆಗಳು ಏಳುತ್ತವೆ. ಸಣ್ಣ ಗುಳ್ಳೆ ಸಿಕ್ಕಿಕೊಳ್ಳುವಲ್ಲಿ ದೊಡ್ಡದು ಹೇಗೆ ಪಾರಾಗುತ್ತದೆ? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಗುಳ್ಳೆಯ ವ್ಯಾಸ ಎರಡರಷ್ಟಾದರೆ ಗಾತ್ರ, ಅದರೊಂದಿಗೆ ಮೇಲಕ್ಕೊತ್ತುವ ಬಲ, 8 ಪಟ್ಟಾಗುತ್ತದೆ. ಹಿಡಿದಿಡುವ ಕೆಸರಿನ ಬಿಗಿತ ಮೇಲ್ಮೈಯಷ್ಟೇ, ಅಂದರೆ 4 ಪಟ್ಟು. ದೊಡ್ಡ ಗುಳ್ಳೆ ಬಿಗಿತವನ್ನು ಮುರಿದು ಏರುತ್ತ ಕೆಸರನ್ನೂ ಎಳೆದುಕೊಂಡು ಹೋಗುತ್ತದೆ. ಆ ಕೆಸರು ಪಕ್ಕದಿಂದ ಮತ್ತೆ ಇಳಿಯುತ್ತದೆ. ಸಿಕ್ಕಿಬಿದ್ದ ಹೈಡ್ರೋಜನ್ ಗುಳ್ಳೆಗಳಿಗೂ ಬಿಡುಗಡೆ! ಟ್ಯಾಂಕಿನೊಳಗೆ ತಿರುಗುವ ಭಾಗ ಒಂದೂ ಇಲ್ಲ.

ಉಪಾಯ ಹೊಸದೇನಲ್ಲ. ಮೆಕ್ಸಿಕೋದ ಗಣಿ ಊರು ಪಚೂಕಾದ ಹೆಸರು ಹೊತ್ತ, ಶಂಕುವಿನಾಕಾರದ ತಳದ ಎತ್ತರದ ತೊಟ್ಟಿಗಳಲ್ಲಿ ಅದಿರಿನ ರಾಡಿಯನ್ನು ಗಾಳಿಯಿಂದಲೇ ಕದಡುತ್ತಿದ್ದರು. ನಮ್ಮ ಜಾರ್ಖಂಡದ ಜಾದೂಗುಡ ಯುರೇನಿಯಂ ಕಾರ್ಖಾನೆಯೂ ಪಚೂಕಾ ತೊಟ್ಟಿಗಳನ್ನು ಬಳಸಿತು.

ಗಾಳಿಗೂ ಮಿತಿಯುಂಟು. ಒಂದು ಕೊಳವೆ ತನ್ನ ಸುತ್ತಲಷ್ಟೇ ಕದಡುತ್ತದೆ. ಬಾಯಿಗಿಂತ ಕೆಳಗಿನದು ಹಾಗೇ ಉಳಿಯುತ್ತದೆ. ಆದ್ದರಿಂದ ಹ್ಯಾನ್‌ಫರ್ಡ್‌ನ ವಿನ್ಯಾಸಕಾರರು ಕೆಸರನ್ನು ಹೀರಿ ತಳಕ್ಕೆ ಚಿಮ್ಮಿಸುವ ಕೊಳವೆಗಳನ್ನೂ ಜೊತೆಗಿಟ್ಟು, ಜೇಡಿಮಣ್ಣಿನ ಕೆಸರಿನಲ್ಲಿ ಪರೀಕ್ಷಿಸಿದರು. ಆದರೂ ತ್ಯಾಜ್ಯ ಸರಿಯಾಗಿ ಬೆರೆತೀತೇ, ಹೈಡ್ರೋಜನ್ ಎಲ್ಲಾದರೂ ಕೂಡಿಕೊಂಡೀತೇ ಎಂಬ ಪ್ರಶ್ನೆಗಳು ತೀರಲಿಲ್ಲ. ಆ ಕಟ್ಟಡದ ಕೆಲಸವನ್ನು 2012ರಲ್ಲಿ ನಿಲ್ಲಿಸಲಾಯಿತು.